ಹಿಂತಿರುಗುವ ನಿರ್ಧಾರ: ಲಘು ವಿಮಾನಗಳ ಅಪಘಾತ, ಕೆಟ್ಟ ಹವೆ ಮತ್ತು ಪೈಲಟ್‌ನ ವಿವೇಚನೆ

ಲಘು ವಿಮಾನಗಳ ಅಪಘಾತಗಳನ್ನು ಕುರಿತ ಅಧ್ಯಯನದಲ್ಲಿ ಹವಾಮಾನದ ಪ್ರಶ್ನೆಗೆ ವಿಶೇಷ ಸ್ಥಾನವಿದೆ. ಕೆಟ್ಟ ಹವೆಯಲ್ಲಿ ಸಂಭವಿಸುವ ಅಪಘಾತಗಳು ಸಂಖ್ಯೆಯಲ್ಲಿ ಕಡಿಮೆಯಾದರೂ ಪರಿಣಾಮದಲ್ಲಿ ಅತ್ಯಂತ ಘೋರವಾದವು ಎಂಬುದೇ ಇದಕ್ಕೆ ಕಾರಣ. ಇಂಧನ ಮುಗಿದು ಹೊಲದಲ್ಲಿ ಇಳಿದ, ರನ್‌ವೇಯಿಂದ ಪಕ್ಕಕ್ಕೆ ಜಾರಿದ, ನೆಲ ಮುಟ್ಟುವಾಗ ಚಕ್ರ ಮುರಿದುಕೊಂಡ ಸಣ್ಣ ವಿಮಾನಗಳಲ್ಲಿದ್ದವರು ಬಹುಮಟ್ಟಿಗೆ ಬದುಕಿ ಉಳಿಯುತ್ತಾರೆ. ಆದರೆ ಹೊರಗಿನ ನೋಟವನ್ನೇ ನಂಬಿ ಹಾರುತ್ತಿದ್ದ ಪೈಲಟ್ ಮೋಡದೊಳಗೋ ಮಂಜಿನೊಳಗೋ ಸಿಕ್ಕಿಕೊಂಡು ಸಂಭವಿಸುವ ಅಪಘಾತಗಳಲ್ಲಿ ಸರಿಸುಮಾರು ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಪ್ರಾಣಾಂತಿಕವಾಗಿವೆ ಎಂದು ಅಮೆರಿಕ ಮತ್ತು ಆಸ್ಟ್ರೇಲಿಯಾಗಳ ದಾಖಲೆಗಳು ತೋರಿಸುತ್ತವೆ.

ಇಂಥ ಬಹುತೇಕ ಪ್ರಕರಣಗಳಲ್ಲಿ ಎಂಜಿನ್ ಸುಸ್ಥಿತಿಯಲ್ಲಿತ್ತು, ಟ್ಯಾಂಕಿನಲ್ಲಿ ಇಂಧನವಿತ್ತು, ಹವಾಮಾನ ವರದಿ ಕೈಗೆಟುಕುವಂತಿತ್ತು, ಬಂದ ದಾರಿಯಲ್ಲೇ ಹಿಂತಿರುಗುವ ಅವಕಾಶವೂ ಸಾಕಷ್ಟು ಹೊತ್ತು ತೆರೆದೇ ಇತ್ತು. ಹಾಗಿದ್ದೂ ತಿಳಿವಳಿಕೆಯುಳ್ಳ, ಜವಾಬ್ದಾರಿಯುತ, ಎಷ್ಟೋ ಸಲ ತನ್ನ ಹೆಂಡತಿ ಮಕ್ಕಳನ್ನೇ ಜೊತೆಯಲ್ಲಿ ಕೂರಿಸಿಕೊಂಡ ಮನುಷ್ಯ ಮುಂದೆಯೇ ಏಕೆ ಸಾಗುತ್ತಾನೆ ಎಂಬುದು ಕಳೆದ ಏಳು ದಶಕಗಳಿಂದ ಶರೀರಶಾಸ್ತ್ರಜ್ಞರು, ಮನೋವಿಜ್ಞಾನಿಗಳು ಮತ್ತು ಅಪಘಾತ ತನಿಖಾಧಿಕಾರಿಗಳು ಬಗೆಬಗೆಯಾಗಿ ಎದುರಿಸುತ್ತ ಬಂದಿರುವ ಪ್ರಶ್ನೆ. ಅವರ ಉತ್ತರಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿ, ಅವುಗಳಿಂದ ಹೊರಡುವ ಪಾಠವನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಕಣ್ಣಳತೆಯ ಹಾರಾಟ ಮತ್ತು ಅದರ ಗಡಿ

ವಿಮಾನ ಹಾರಾಟಕ್ಕೆ ಎರಡು ನಿಯಮಾವಳಿಗಳಿವೆ. ವಿಷುಯಲ್ ಫ್ಲೈಟ್ ರೂಲ್ಸ್, ಅಂದರೆ ವಿಎಫ್‌ಆರ್ ಎಂಬ ಮೊದಲನೆಯದರಲ್ಲಿ ಪೈಲಟ್ ನೆಲವನ್ನೂ ದಿಗಂತವನ್ನೂ ಕಣ್ಣಾರೆ ಕಾಣುತ್ತ ವಿಮಾನವನ್ನು ಸಮತೋಲದಲ್ಲಿಡುತ್ತಾನೆ, ದಾರಿ ಗುರುತಿಸುತ್ತಾನೆ, ಇತರ ವಿಮಾನಗಳಿಂದ ದೂರ ಉಳಿಯುತ್ತಾನೆ. ಇನ್‌ಸ್ಟ್ರುಮೆಂಟ್ ಫ್ಲೈಟ್ ರೂಲ್ಸ್ ಎಂಬ ಎರಡನೆಯದರಲ್ಲಿ ಈ ಎಲ್ಲ ಕೆಲಸವನ್ನೂ ಪೈಲಟ್ ಮುಂದಿರುವ ಉಪಕರಣಗಳನ್ನು ಓದಿಕೊಂಡು, ವಾಯು ಸಂಚಾರ ನಿಯಂತ್ರಕರ ನಿರ್ದೇಶನದಲ್ಲಿ ಮಾಡಬೇಕಾಗುತ್ತದೆ. ಅದಕ್ಕೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಅರ್ಹತೆಗಳಿವೆ. ಅಮೆರಿಕದಲ್ಲಿ ಖಾಸಗಿ ಪೈಲಟ್ ಪರವಾನಗಿಗೆ ಕನಿಷ್ಠ 40 ಗಂಟೆಗಳ ಹಾರಾಟ ಸಾಕು. ಅದರಲ್ಲಿ ಉಪಕರಣಗಳನ್ನಷ್ಟೇ ನೋಡಿ ಹಾರುವ ಅಭ್ಯಾಸಕ್ಕೆ ಮೀಸಲಾದ ಅವಧಿ ಕನಿಷ್ಠ 3 ಗಂಟೆ.

ಕಣ್ಣಳತೆಯ ಹಾರಾಟಕ್ಕೆ ಕಾನೂನು ಗೋಚರತೆಯ ಕನಿಷ್ಠ ಮಿತಿಯನ್ನು ವಿಧಿಸಿದೆ. ಅಮೆರಿಕದಲ್ಲಿ 10,000 ಅಡಿಗಿಂತ ಕೆಳಗಿನ ಬಹುಭಾಗ ನಿಯಂತ್ರಿತ ವಾಯುಪ್ರದೇಶದಲ್ಲಿ 3 ಮೈಲಿ ದೂರದವರೆಗೆ ಕಾಣುತ್ತಿರಬೇಕು, ವಿಮಾನವು ಮೋಡದಿಂದ ಕೆಳಗೆ 500 ಅಡಿ, ಮೇಲೆ 1,000 ಅಡಿ, ಪಕ್ಕಕ್ಕೆ 2,000 ಅಡಿ ಅಂತರದಲ್ಲಿರಬೇಕು. ಆದರೆ ಆಕಾಶದಲ್ಲಿ ಈ ಅಂತರಗಳನ್ನು ಸೂಚಿಸುವ ಗುರುತುಗಳೇನೂ ಇರುವುದಿಲ್ಲ. ಮೋಡದ ತಳ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ, ಮಬ್ಬು ನಿಧಾನವಾಗಿ ದಟ್ಟವಾಗುತ್ತದೆ, ಪೈಲಟ್ ಕೂಡ ನೆಲ ಕಾಣುತ್ತಿರಲೆಂದು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯುತ್ತ, ಮೋಡಕ್ಕೂ ಗುಡ್ಡಕ್ಕೂ ನಡುವೆ ಉಳಿದ ಕಿರಿದಾದ ಸಂದಿಯಲ್ಲಿ ನುಸುಳುವ ಸ್ಥಿತಿಗೆ ಬರುತ್ತಾನೆ. ಕಾನೂನಿನ ಗಡಿಯನ್ನು ದಾಟಿದ ಕ್ಷಣ ಯಾವುದೆಂದು ಅವನಿಗೇ ತಿಳಿಯದಿರುವುದು ಈ ಅಪಘಾತಗಳ ಸಾಮಾನ್ಯ ಲಕ್ಷಣ.

ದಿಗಂತ ಮರೆಯಾದಾಗ ದೇಹ ಮಾಡುವ ವಂಚನೆ

ಮೋಡದೊಳಗೆ ಹೊಕ್ಕ ಮೇಲೆ ವಿಮಾನವನ್ನು ನೇರವಾಗಿ ಹಿಡಿದಿಟ್ಟು ಆಚೆ ಬದಿಗೆ ಹೊರಬಂದರಾಯಿತು ಎಂದು ಸಾಮಾನ್ಯರಿಗೆ ಅನ್ನಿಸುವುದು ಸಹಜ. ಆದರೆ ಅದು ಸಾಧ್ಯವಾಗದಿರಲು ಕಾರಣ ಒಳಗಿವಿಯ ರಚನೆಯಲ್ಲಿದೆ. ಒಂದಕ್ಕೊಂದು ಲಂಬವಾಗಿರುವ ಮೂರು ಅರ್ಧವೃತ್ತಾಕಾರದ ನಾಳಗಳು ಅಲ್ಲಿದ್ದು, ತಲೆ ತಿರುಗಿದಾಗ ಅವುಗಳೊಳಗಿನ ದ್ರವ ಒಂದಿಷ್ಟು ಹಿಂದುಳಿದು ಸೂಕ್ಷ್ಮ ರೋಮಗಳನ್ನು ಬಾಗಿಸುವುದರಿಂದ ಮಿದುಳಿಗೆ ತಿರುವಿನ ಸಂದೇಶ ಹೋಗುತ್ತದೆ. ತಂಬಿಗೆಯನ್ನು ತಿರುಗಿಸಿದಾಗ ಒಳಗಿನ ನೀರು ಮೊದಲು ನಿಂತಲ್ಲೇ ನಿಂತು ಆಮೇಲೆ ತಂಬಿಗೆಯ ಜೊತೆಗೇ ತಿರುಗತೊಡಗುವಂತೆ, ತಿರುವು ಒಂದೇ ವೇಗದಲ್ಲಿ ಹತ್ತಿಪ್ಪತ್ತು ಸೆಕೆಂಡು ಮುಂದುವರಿದರೆ ಈ ದ್ರವವೂ ನಾಳದ ವೇಗಕ್ಕೆ ಹೊಂದಿಕೊಳ್ಳುತ್ತದೆ, ತಿರುಗುತ್ತಿರುವ ಅರಿವು ಅಳಿಸಿಹೋಗುತ್ತದೆ. ತೀರ ನಿಧಾನವಾದ ವಾಲುವಿಕೆಯಂತೂ ಮೊದಲಿನಿಂದಲೇ ಗಮನಕ್ಕೆ ಬರುವುದಿಲ್ಲ.

ಹೀಗಾಗಿ ರೆಕ್ಕೆ ಒಂದು ಪಕ್ಕಕ್ಕೆ ವಾಲಿದ್ದರೂ ಪೈಲಟ್‌ಗೆ ತಾನು ನೇರವಾಗಿ ಕುಳಿತಿರುವಂತೆಯೇ ತೋರುತ್ತದೆ. ವಾಲಿದ ವಿಮಾನದ ಮೂಗು ತಾನಾಗಿ ಕೆಳಗಿಳಿದು ವೇಗ ಹೆಚ್ಚಿದಾಗ, ಎತ್ತರ ಕಳೆದುಕೊಳ್ಳುತ್ತಿರುವುದನ್ನು ಮಾಪಕದಲ್ಲಿ ಕಂಡ ಅವನು ನಿಯಂತ್ರಣ ದಂಡವನ್ನು ತನ್ನತ್ತ ಎಳೆಯುತ್ತಾನೆ. ರೆಕ್ಕೆಗಳನ್ನು ಮೊದಲು ಸಮತಲಕ್ಕೆ ತರದೆ ಹಾಗೆ ಎಳೆದರೆ ಎತ್ತರ ಸಿಗುವ ಬದಲು ತಿರುವು ಇನ್ನಷ್ಟು ಬಿಗಿಯಾಗಿ, ವಿಮಾನ ಸುತ್ತುತ್ತ ಸುತ್ತುತ್ತ ನೆಲದತ್ತ ಧಾವಿಸುತ್ತದೆ. ಪೈಲಟ್‌ಗಳು ಇದನ್ನು ಸಾವಿನ ಸುರುಳಿ ಎನ್ನುತ್ತಾರೆ. ಇದಕ್ಕೆ ಕಾರಣವಾದ ಇಂದ್ರಿಯಗಳ ಗೊಂದಲಕ್ಕೆ ವಾಯುಯಾನ ವೈದ್ಯಶಾಸ್ತ್ರದಲ್ಲಿ ದಿಕ್ಕುಭ್ರಮೆ ಎಂದು ಹೆಸರು.

ಈ ಕುರಿತ ಅತಿ ಪ್ರಸಿದ್ಧ ಪ್ರಯೋಗ ನಡೆದದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಅದರ ವರದಿ ಹೊರಬಂದದ್ದು 1954ರಲ್ಲಿ. ಉಪಕರಣ ಹಾರಾಟದ ಅನುಭವವಿಲ್ಲದ 20 ಮಂದಿಯನ್ನು ಬೀಚ್‌ಕ್ರಾಫ್ಟ್ ಬೊನಾಂಜಾ ವಿಮಾನದಲ್ಲಿ ಕೂರಿಸಿ, ಹೊರಗಿನ ನೋಟ ಮರೆಮಾಡಿ, ಉಪಕರಣಗಳನ್ನಷ್ಟೇ ನೋಡಿ ಹಾರಿಸಲು ಹೇಳಲಾಯಿತು. 20 ಮಂದಿಯೂ ನಿಯಂತ್ರಣ ಕಳೆದುಕೊಂಡರು: 19 ಮಂದಿ ಸಾವಿನ ಸುರುಳಿಗೆ ಸಿಲುಕಿದರೆ, ಒಬ್ಬರು ಮೂಗನ್ನು ಅತಿಯಾಗಿ ಮೇಲೆತ್ತಿ ವೇಗ ಕಳೆದುಕೊಂಡರು. ಅಪಾಯದ ಸ್ಥಿತಿ ತಲುಪಲು ಹಿಡಿದ ಅವಧಿ ಕನಿಷ್ಠ 20 ಸೆಕೆಂಡಿನಿಂದ ಗರಿಷ್ಠ 480 ಸೆಕೆಂಡಿನವರೆಗೆ ಇದ್ದು, ಅದರ ಸರಾಸರಿ 178 ಸೆಕೆಂಡು. ಈ ಸರಾಸರಿ ಅಂಕಿಯೇ ಆಮೇಲೆ ವಿಮಾನಯಾನ ಸುರಕ್ಷತೆಯ ಭಿತ್ತಿಪತ್ರಗಳಲ್ಲಿ ಎಚ್ಚರಿಕೆಯ ಘೋಷಣೆಯಾಗಿ ಉಳಿದುಕೊಂಡಿತು. ಆದರೆ ಆ ಪ್ರಯೋಗದ ನಿಜವಾದ ಗುರಿ ಬೇರೆಯೇ ಆಗಿತ್ತು. ಮೋಡ ಹೊಕ್ಕ ಕೂಡಲೇ ವಿಮಾನವನ್ನು ಸಾವಧಾನವಾಗಿ ಅರ್ಧ ಸುತ್ತು ತಿರುಗಿಸಿ ಹೊರಬರುವ ಸರಳ ವಿಧಾನವನ್ನು ಕಲಿಸಬಹುದೇ ಎಂದು ಸಂಶೋಧಕರು ಪರೀಕ್ಷಿಸುತ್ತಿದ್ದರು. ಕೆಲವೇ ಗಂಟೆಗಳ ಶಿಕ್ಷಣದ ನಂತರ ಅದೇ ಅಭ್ಯರ್ಥಿಗಳು ಬಹುತೇಕ ಪ್ರತಿಸಲವೂ ಸುರಕ್ಷಿತವಾಗಿ ಹೊರಬಂದರು. ಭಯ ಹುಟ್ಟಿಸುವ ಅರ್ಧಭಾಗವೇ ಪ್ರಚಾರವಾಗಿ, ಭರವಸೆ ನೀಡುವ ಉಳಿದರ್ಧ ಹಿಂದೆ ಸರಿದದ್ದು ವಿಷಾದದ ಸಂಗತಿ.

ಮುಂದುವರಿಯುವ ಮನಸ್ಸಿನ ವಿಶ್ಲೇಷಣೆ

ದೇಹದ ವಂಚನೆ ಆರಂಭವಾಗುವುದು ಮೋಡ ಹೊಕ್ಕ ಮೇಲೆ. ಅದರತ್ತ ಸಾಗುವ ತೀರ್ಮಾನವಾದರೋ ಸ್ವಸ್ಥ ಮನಸ್ಸಿನದು. ಆ ತೀರ್ಮಾನವನ್ನು ವಿವರಿಸಲು ಮೊದಮೊದಲು ಬಳಸಿದ್ದು ಸ್ವಭಾವದ ಭಾಷೆ. ಪೈಲಟ್‌ಗಳಲ್ಲಿ ಅಪಾಯಕಾರಿಯಾದ ಐದು ಮನೋಭಾವಗಳಿವೆ ಎಂದು ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತದ ತರಬೇತಿ ಗ್ರಂಥಗಳು ಇಂದಿಗೂ ಬೋಧಿಸುತ್ತವೆ: ನಿಯಮ ತನಗಲ್ಲವೆಂಬ ಉದ್ಧಟತನ, ಯೋಚಿಸದೆ ಮುನ್ನುಗ್ಗುವ ಆತುರ, ತನಗೇನೂ ಆಗದೆಂಬ ಭಾವ, ಗಂಡೆದೆಯ ಪ್ರದರ್ಶನ, ಎಲ್ಲವೂ ವಿಧಿಯ ಕೈಯಲ್ಲಿದೆ ಎಂಬ ಸೋಲೊಪ್ಪಿದ ಮನಸ್ಸು. ಈ ಪಟ್ಟಿ ಆತ್ಮಪರೀಕ್ಷೆಗೆ ಉಪಯುಕ್ತವೇ ಹೌದು. ಆದರೆ ಅದರಿಂದಾಗುವ ಹಾನಿಯೂ ಇದೆ: ಸತ್ತವನು ಉದ್ಧಟನಾಗಿದ್ದ ಎಂದು ತೀರ್ಮಾನಿಸಿದ ಓದುಗ, ತಾನು ಅಂಥವನಲ್ಲವಾದ್ದರಿಂದ ತನಗೆ ಆ ಗತಿ ಬಾರದು ಎಂದುಕೊಂಡು ಪುಸ್ತಕ ಮುಚ್ಚುತ್ತಾನೆ.

1990ರ ದಶಕದಿಂದೀಚೆಗೆ ಗಮನ ಸ್ವಭಾವದಿಂದ ಸನ್ನಿವೇಶದತ್ತ ಹೊರಳಿತು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಡೇವಿಡ್ ಒ'ಹೇರ್ ಮತ್ತು ಅವರ ಸಹೋದ್ಯೋಗಿ 1995ರಲ್ಲಿ ಪ್ರಕಟಿಸಿದ ಅಧ್ಯಯನ, ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ ಅವರ ಸಿದ್ಧಾಂತವನ್ನು ವಿಮಾನದ ಸನ್ನಿವೇಶಕ್ಕೆ ಅನ್ವಯಿಸಿ ನೋಡಿತು. ಖಚಿತವಾದ ನಷ್ಟ ಎದುರಾದಾಗ ಮನುಷ್ಯ ಅದನ್ನು ತಪ್ಪಿಸಿಕೊಳ್ಳಲು ದೊಡ್ಡ ಅಪಾಯಕ್ಕೂ ಒಡ್ಡಿಕೊಳ್ಳುತ್ತಾನೆ, ಲಾಭದ ಲೆಕ್ಕದಲ್ಲಿ ಯೋಚಿಸುವಾಗ ಎಚ್ಚರಿಕೆ ವಹಿಸುತ್ತಾನೆ ಎಂಬುದು ಆ ಸಿದ್ಧಾಂತದ ತಿರುಳು. ಹಿಂತಿರುಗಿದರೆ ಹಣ, ಸಮಯ, ಮರ್ಯಾದೆಗಳು ವ್ಯರ್ಥವಾಗುತ್ತವೆ ಎಂಬ ಚೌಕಟ್ಟಿನಲ್ಲಿ ಆಲೋಚಿಸಿದ ಪೈಲಟ್‌ಗಳಿಗಿಂತ, ಹಿಂತಿರುಗಿದರೆ ಜೀವ ಉಳಿಯುತ್ತದೆ ಎಂಬ ಚೌಕಟ್ಟಿನಲ್ಲಿ ಆಲೋಚಿಸಿದವರು ಹದಗೆಡುತ್ತಿರುವ ಹವೆಯಲ್ಲಿ ಮುಂದುವರಿಯಲು ಕಡಿಮೆ ಒಲವು ತೋರಿದರು.

ಇನ್ನೊಂದು ವಿವರಣೆ ಪರಿಸ್ಥಿತಿಯ ಗ್ರಹಿಕೆಗೆ ಸಂಬಂಧಿಸಿದ್ದು. ಇಲಿನಾಯ್ ವಿಶ್ವವಿದ್ಯಾಲಯದ ಡಗ್ಲಸ್ ವೀಗ್‌ಮನ್ ಮತ್ತು ಸಂಗಡಿಗರು 2000ದ ಸುಮಾರಿಗೆ ಸಿಮ್ಯುಲೇಟರ್‌ನಲ್ಲಿ ನಡೆಸಿದ ಅಧ್ಯಯನಗಳಲ್ಲಿ, ಕೆಟ್ಟ ಹವೆಯೊಳಗೆ ಮುಂದುವರಿದವರು ಗೋಚರತೆಯನ್ನು ತಪ್ಪಾಗಿ ಅಂದಾಜಿಸಿದ್ದರು, ತಮ್ಮ ಕೌಶಲದ ಬಗ್ಗೆ ಹೆಚ್ಚಿನ ವಿಶ್ವಾಸವನ್ನೂ ಹೊಂದಿದ್ದರು. ಇವರದೇ 2002ರ ಅಧ್ಯಯನ ಒಂದು ಅನಿರೀಕ್ಷಿತ ಸಂಗತಿಯನ್ನು ಹೊರಗೆಡವಿತು. ಪ್ರಯಾಣ ಹೆಚ್ಚು ಮುಂದುವರಿದಷ್ಟೂ ಬಿಟ್ಟುಕೊಡುವುದು ಕಷ್ಟವೆಂಬ ಊಹೆಗೆ ವಿರುದ್ಧವಾಗಿ, ಹಾರಾಟದ ಆರಂಭದಲ್ಲೇ ಕೆಟ್ಟ ಹವೆಯನ್ನು ಎದುರಿಸಿದವರೇ ಅದರೊಳಗೆ ಹೆಚ್ಚು ಹೊತ್ತು ಹಾರಿದರು. ಹೊರಡುವ ಮುನ್ನ ಓದಿದ ಒಳ್ಳೆಯ ಮುನ್ಸೂಚನೆ ಮನಸ್ಸಿನಲ್ಲಿ ಇನ್ನೂ ತಾಜಾ ಇದ್ದುದರಿಂದ, ಕಣ್ಣೆದುರಿನ ಮೋಡ ತಾತ್ಕಾಲಿಕವೆಂಬ ಆಶಾವಾದ ಅವರಲ್ಲಿ ಹೆಚ್ಚಾಗಿತ್ತೆಂದು ಅರ್ಥೈಸಬಹುದು. ನಾಸಾದ ಏಮ್ಸ್ ಸಂಶೋಧನಾ ಕೇಂದ್ರದ ಜುಡಿತ್ ಒರಸಾನು ಮತ್ತಿತರರು ಇಂಥ ನಡವಳಿಕೆಯನ್ನು ಯೋಜನೆಗೆ ಅಂಟಿಕೊಳ್ಳುವ ದೋಷವೆಂದು ವಿಂಗಡಿಸಿದರು: ಸನ್ನಿವೇಶ ಬದಲಾಗಿದ್ದರೂ ಮೊದಲಿನ ಯೋಜನೆಯೇ ಮನಸ್ಸನ್ನು ಆಳುತ್ತಿರುತ್ತದೆ, ಅದಕ್ಕೆ ಪೂರಕವಾದ ಸುಳಿವುಗಳಷ್ಟೇ ಎದ್ದು ಕಾಣುತ್ತವೆ.

ಅನುಭವವೂ ಇಲ್ಲಿ ಎರಡಲಗಿನ ಕತ್ತಿ. ಮೋಡದಡಿ ನುಸುಳಿ ಹಾರಿದ ಪೈಲಟ್ ಹತ್ತು ಸಲ ಬದುಕಿ ಬಂದರೆ ಹತ್ತು ಸಲವೂ ಅವನ ಅಂದಾಜು ಸರಿಯಾಗಿತ್ತೆಂಬ ತಪ್ಪು ಪಾಠವನ್ನು ಆಕಾಶ ಅವನಿಗೆ ಕಲಿಸಿರುತ್ತದೆ. ಹನ್ನೊಂದನೆಯ ಸಲ ಆ ಪಾಠವನ್ನು ತಿದ್ದಿಕೊಳ್ಳಲು ಅವಕಾಶವಿರುವುದಿಲ್ಲ.

ಮೂರು ತನಿಖೆಗಳು

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಮೂರು ತನಿಖೆಗಳಲ್ಲಿ ಈ ವಿವರಣೆಗಳು ಮೂರ್ತರೂಪ ಪಡೆಯುತ್ತವೆ. 1996ರ ಏಪ್ರಿಲ್ 11ರಂದು ವಯೋಮಿಂಗ್ ರಾಜ್ಯದ ಶಾಯೆನ್‌ನಲ್ಲಿ ಸೆಸ್ನಾ 177ಬಿ ವಿಮಾನವೊಂದು ಗುಡುಗುಮಳೆಯ ನಡುವೆ ಮೇಲೇರಿ ಕೂಡಲೇ ಬಿತ್ತು; ದೇಶದ ಒಂದು ತೀರದಿಂದ ಇನ್ನೊಂದಕ್ಕೆ ಹಾರುವ ದಾಖಲೆಗಾಗಿ ಹೊರಟಿದ್ದ 7 ವರ್ಷದ ಬಾಲಕಿ ಜೆಸಿಕಾ ಡುಬ್ರಾಫ್, ಆಕೆಯ ತಂದೆ ಮತ್ತು ವಿಮಾನದ ಹೊಣೆ ಹೊತ್ತಿದ್ದ ತರಬೇತುದಾರ ಮೃತಪಟ್ಟರು. 6,000 ಅಡಿಗೂ ಮೀರಿದ ಎತ್ತರದಲ್ಲಿರುವ ಆ ನಿಲ್ದಾಣದ ತೆಳುಗಾಳಿಯಲ್ಲಿ ವಿಮಾನ ಮಿತಿಗಿಂತ 96 ಪೌಂಡು ಹೆಚ್ಚು ಭಾರ ಹೊತ್ತಿತ್ತು. ಹದಗೆಡುತ್ತಿದ್ದ ಹವೆಯಲ್ಲಿ ಹೊರಡುವ ನಿರ್ಧಾರವನ್ನು ಕಾರಣವಾಗಿ ಗುರುತಿಸಿದ ಮಂಡಳಿ, ಮಾಧ್ಯಮಗಳ ಗಮನದಿಂದ ಪ್ರೇರಿತವಾದ ಬಿಗಿಯಾದ ವೇಳಾಪಟ್ಟಿ ಆ ನಿರ್ಧಾರದ ಹಿಂದಿತ್ತೆಂದು ದಾಖಲಿಸಿತು.

ಎರಡನೆಯದು 1999ರ ಜುಲೈ 16ರ ರಾತ್ರಿ ಜಾನ್ ಎಫ್. ಕೆನೆಡಿ ಜೂನಿಯರ್, ಅವರ ಪತ್ನಿ ಮತ್ತು ಪತ್ನಿಯ ಸಹೋದರಿ ಸಾವಿಗೀಡಾದ ಅಪಘಾತ. ನ್ಯೂಜೆರ್ಸಿಯಿಂದ ಮಾರ್ಥಾಸ್ ವಿನ್ಯಾರ್ಡ್ ದ್ವೀಪಕ್ಕೆ ಹೊರಟಿದ್ದ ಪೈಪರ್ ಸಾರಟೋಗಾ ವಿಮಾನವನ್ನು ನಡೆಸುತ್ತಿದ್ದ ಕೆನೆಡಿ ಅವರಿಗೆ ಸುಮಾರು 310 ಗಂಟೆಗಳ ಅನುಭವವಿತ್ತು, ಉಪಕರಣ ಹಾರಾಟದ ಅರ್ಹತೆ ಇರಲಿಲ್ಲ. ದಾರಿಯುದ್ದದ ನಿಲ್ದಾಣಗಳು ವರದಿ ಮಾಡಿದ ಗೋಚರತೆ ಕಾನೂನಿನ ಮಿತಿಗಿಂತ ಉತ್ತಮವಾಗಿಯೇ ಇತ್ತು. ಆದರೆ ನೀರಿನ ಮೇಲೆ ಮಬ್ಬು ಮತ್ತು ಕತ್ತಲೆ ಬೆರೆತು ದಿಗಂತ ಕಾಣದಾಗಿತ್ತು. ಅದೇ ಸಂಜೆ ಅದೇ ದ್ವೀಪದ ಮೇಲೆ ಹಾರಿದ ಮತ್ತೊಬ್ಬ ಪೈಲಟ್, ಕೆಳಗೆ ಒಂದು ದೀಪವೂ ಕಾಣದಿದ್ದುದರಿಂದ ದ್ವೀಪದಲ್ಲಿ ವಿದ್ಯುತ್ ಹೋಗಿರಬಹುದೆಂದು ಭಾವಿಸಿದ್ದಾಗಿ ತನಿಖಾಧಿಕಾರಿಗಳಿಗೆ ತಿಳಿಸಿದರು. ಅದೇ ನಿಲ್ದಾಣದಿಂದ ಅದೇ ದ್ವೀಪಕ್ಕೆ ಹೊರಡಬೇಕಿದ್ದ ಇನ್ನೊಬ್ಬರು ಹವೆ ಸರಿಯಿಲ್ಲವೆಂದು ಪ್ರಯಾಣ ರದ್ದುಪಡಿಸಿದ್ದರು. ಜೊತೆಗೆ ಬರುತ್ತೇನೆಂದು ತರಬೇತುದಾರರೊಬ್ಬರು ಹೇಳಿದಾಗ ಕೆನೆಡಿ ಒಬ್ಬರೇ ಹಾರಿಸಲು ಬಯಸಿದ್ದರು. ದ್ವೀಪ ಸಮೀಪಿಸಿದಂತೆ ವಿಮಾನ ಕೆಲವು ಅನಿಶ್ಚಿತ ತಿರುವುಗಳ ನಂತರ ಬಲಕ್ಕೆ ವಾಲಿ, ನಿಮಿಷಕ್ಕೆ 4,700 ಅಡಿಗೂ ಮೀರಿದ ವೇಗದಲ್ಲಿ ಸಮುದ್ರಕ್ಕಿಳಿಯಿತು. ದಿಕ್ಕುಭ್ರಮೆಯಿಂದ ನಿಯಂತ್ರಣ ತಪ್ಪಿದ್ದೇ ಕಾರಣವೆಂದು ಮಂಡಳಿ ತೀರ್ಮಾನಿಸಿತು. ಕಾನೂನುಬದ್ಧವಾದ ಹಾರಾಟವೆಲ್ಲ ಸುರಕ್ಷಿತ ಹಾರಾಟವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಮೂರನೆಯದು 2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದ ಕ್ಯಾಲಬಾಸಸ್ ಬಳಿ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸೇರಿದಂತೆ 9 ಮಂದಿಯನ್ನು ಬಲಿ ತೆಗೆದುಕೊಂಡ ಹೆಲಿಕಾಪ್ಟರ್ ದುರಂತ. ಇಲ್ಲಿನ ಪೈಲಟ್ ವೃತ್ತಿಪರ, ಸಾವಿರಾರು ಗಂಟೆಗಳ ಅನುಭವಿ, ಉಪಕರಣ ಹಾರಾಟದ ಅರ್ಹತೆಯೂ ಇದ್ದವರು. ಮೋಡ ಹೊಕ್ಕ ಮೇಲೆ ಅವರು ತಾನು 4,000 ಅಡಿಗೆ ಏರುತ್ತಿರುವುದಾಗಿ ನಿಯಂತ್ರಕರಿಗೆ ತಿಳಿಸಿದಾಗ ಹೆಲಿಕಾಪ್ಟರ್ ವಾಸ್ತವವಾಗಿ ಎಡಕ್ಕೆ ವಾಲಿ ಗುಡ್ಡದತ್ತ ಇಳಿಯುತ್ತಿತ್ತು. ಕಂಪನಿಯಾಗಲಿ ಪ್ರಯಾಣಿಕರಾಗಲಿ ಒತ್ತಾಯ ಮಾಡಿದ್ದಕ್ಕೆ ಪುರಾವೆ ಸಿಗಲಿಲ್ಲ. ಪೈಲಟ್ ತಾನೇ ತನ್ನ ಮೇಲೆ ಹೇರಿಕೊಂಡ ಒತ್ತಡ ಮತ್ತು ಯೋಜನೆಗೆ ಅಂಟಿಕೊಂಡ ಮನಸ್ಸು ಈ ದುರಂತಕ್ಕೆ ಪೂರಕವಾದವೆಂದು ಮಂಡಳಿ ಹೇಳಿತು.

ಹಿಂತಿರುಗಿದವರ ಅಧ್ಯಯನ

ಅಪಘಾತಗಳನ್ನಷ್ಟೇ ಅಧ್ಯಯನ ಮಾಡಿದರೆ ತಪ್ಪಿದ ನಿರ್ಧಾರಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ಈ ಕೊರತೆಯನ್ನು ತುಂಬಿದ್ದು ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೊ 2005ರಲ್ಲಿ ಪ್ರಕಟಿಸಿದ ವರದಿ. 491 ಪ್ರಕರಣಗಳನ್ನು ಆಧರಿಸಿದ ಈ ಅಧ್ಯಯನ, ಮೋಡದೊಳಗೆ ಹೊಕ್ಕವರನ್ನು, ಮುನ್ನೆಚ್ಚರಿಕೆಯಿಂದ ದಾರಿಯಲ್ಲೇ ಇಳಿದವರನ್ನು ಮತ್ತು ಕೆಟ್ಟ ಹವೆಯಿಂದ ದೂರ ಸರಿದವರನ್ನು ಒಟ್ಟಿಗಿಟ್ಟು ಹೋಲಿಸಿತು. ಕಣ್ಣಳತೆಯ ಪೈಲಟ್ ಮೋಡದೊಳಗೆ ಹೊಗುವ ಸಂಭವ ಹಾರಾಟ ಸಾಗಿದಂತೆ ಏರುತ್ತ ಹೋಗಿ, ಒಟ್ಟು ದೂರದ ಕೊನೆಯ ಶೇ. 20ರಲ್ಲಿ ಗರಿಷ್ಠ ಮಟ್ಟ ತಲುಪುತ್ತದೆ ಎಂಬುದು ಅದರ ಮುಖ್ಯ ಶೋಧನೆಗಳಲ್ಲೊಂದು. ಗುರಿಯ ಸಾಮೀಪ್ಯ ವಿವೇಕವನ್ನು ಸಡಿಲಿಸುತ್ತದೆ ಎಂದು ಇದರಿಂದ ತಿಳಿಯುತ್ತದೆ. ಸಿಮ್ಯುಲೇಟರ್ ಅಧ್ಯಯನದ ಫಲಿತಾಂಶಕ್ಕೂ ಇದಕ್ಕೂ ಹೊಂದಿಕೆಯಿಲ್ಲವೆಂದು ಮೇಲ್ನೋಟಕ್ಕೆ ತೋರಬಹುದಾದರೂ, ಆರಂಭದ ಆಶಾವಾದ ಮತ್ತು ಅಂತ್ಯದ ಆತುರ ಎರಡೂ ಒಂದೇ ಹಾರಾಟದಲ್ಲಿ ಬೇರೆ ಬೇರೆ ಹಂತಗಳಲ್ಲಿ ಕೆಲಸ ಮಾಡಬಲ್ಲವು.

ಕೆಟ್ಟ ಹವೆಯನ್ನು ನಿಭಾಯಿಸುವುದು ಒಂದು ಸಲಕ್ಕೆ ಮುಗಿಯುವ ತೀರ್ಮಾನವಲ್ಲ, ಹಾರಾಟದುದ್ದಕ್ಕೂ ಹೊಸದಾಗಿ ಕೈಗೊಳ್ಳುತ್ತಿರಬೇಕಾದ ಕ್ರಿಯೆ ಎಂಬ ಆ ವರದಿಯ ನಿಲುವು ಈ ಇಡೀ ಚರ್ಚೆಯ ಕೇಂದ್ರಬಿಂದು. ಸುರಕ್ಷಿತವಾಗಿ ಹಿಂತಿರುಗಿದವರು ಹೆಚ್ಚು ಧೈರ್ಯಶಾಲಿಗಳೋ ಹೆಚ್ಚು ನಿಪುಣರೋ ಆಗಿರಬೇಕಿಲ್ಲ; ದಾರಿಗಳು ಇನ್ನೂ ತೆರೆದಿದ್ದಾಗಲೇ ಅವರು ನಿರ್ಧರಿಸಿದ್ದರು.

ಸಾಧನಗಳ ನೆರವು ಮತ್ತು ಮಿತಿ

ತಂತ್ರಜ್ಞಾನ ಈ ನಿಟ್ಟಿನಲ್ಲಿ ಸಾಕಷ್ಟು ನೆರವಾಗಿದೆ. ಅಲಾಸ್ಕಾದ ಕಣಿವೆ ಕಣಿವೆಗಳಲ್ಲಿ 1999ರಿಂದೀಚೆಗೆ ಸ್ಥಾಪಿಸಲಾದ ಹವಾಮಾನ ಕ್ಯಾಮೆರಾಗಳು ಮುಂದಿನ ಘಟ್ಟದಲ್ಲಿ ಮೋಡ ಎಷ್ಟು ಕೆಳಗಿದೆ ಎಂಬುದನ್ನು ಪೈಲಟ್ ನೆಲದ ಮೇಲಿದ್ದಾಗಲೇ ನೋಡುವಂತೆ ಮಾಡಿವೆ. ಗುಂಡಿ ಒತ್ತಿದರೆ ರೆಕ್ಕೆಗಳನ್ನು ಸಮತಲಕ್ಕೆ ತರುವ ಆಟೊಪೈಲಟ್, ಇಡೀ ವಿಮಾನವನ್ನೇ ಕೆಳಗಿಳಿಸುವ ಪ್ಯಾರಾಶೂಟ್ ಇಂದು ಸಣ್ಣ ವಿಮಾನಗಳಲ್ಲೂ ಇವೆ. ಆದರೆ ಗಡಿಯಾರದಂಥ ಹಳೆಯ ಮಾಪಕಗಳ ಬದಲು ಗಾಜಿನ ಪರದೆಗಳನ್ನು ಅಳವಡಿಸಿದ ಲಘು ವಿಮಾನಗಳ ಒಟ್ಟು ಅಪಘಾತ ಪ್ರಮಾಣ ಕಡಿಮೆಯಿದ್ದರೂ ಪ್ರಾಣಾಂತಿಕ ಅಪಘಾತಗಳ ಪ್ರಮಾಣ ಹೆಚ್ಚಿತ್ತೆಂದು ಅಮೆರಿಕದ ಸುರಕ್ಷತಾ ಮಂಡಳಿ 2010ರಲ್ಲಿ ಕಂಡುಕೊಂಡಿತು. ಇಂಥ ವಿಮಾನಗಳು ದೂರದ ಪ್ರಯಾಣಕ್ಕೂ ಕಷ್ಟದ ಹವೆಗೂ ಹೆಚ್ಚಾಗಿ ಬಳಕೆಯಾಗುವುದು ಇದಕ್ಕೆ ಒಂದು ಕಾರಣ. ಕಾಕ್‌ಪಿಟ್‌ನ ಪರದೆಯಲ್ಲಿ ಮೂಡುವ ರೇಡಾರ್ ಚಿತ್ರ ಕೆಲವೊಮ್ಮೆ ಅದರ ಮೇಲೆ ನಮೂದಾಗಿರುವುದಕ್ಕಿಂತ 15ರಿಂದ 20 ನಿಮಿಷ ಹಳೆಯದಾಗಿರಬಹುದೆಂದು 2012ರಲ್ಲಿ ಅದೇ ಮಂಡಳಿ ಎಚ್ಚರಿಸಿತು. ಬೆಳೆಯುತ್ತಿರುವ ಗುಡುಗುಮೋಡದ ಮುಂದೆ 20 ನಿಮಿಷ ಬಹಳ ದೊಡ್ಡ ಅಂತರ. ಆ ಚಿತ್ರವನ್ನು ನಂಬಿ ಎರಡು ಮೋಡಗಳ ನಡುವಿನ ದಾರಿ ಹುಡುಕುವವನು ಆಗಲೇ ಮುಚ್ಚಿಹೋದ ದಾರಿಯೊಳಗೆ ಹೊಗುತ್ತಾನೆ.

ಭಾರತದ ಸಂದರ್ಭ

ಭಾರತದಲ್ಲಿ ಸ್ವಂತ ವಿಮಾನ ಹಾರಿಸುವ ಹವ್ಯಾಸಿಗಳು ಕಡಿಮೆ. ಕಣ್ಣಳತೆಯ ಹಾರಾಟ ಇಲ್ಲಿ ಸಾಮಾನ್ಯವಾಗಿ ಹಗಲಿಗಷ್ಟೇ ಸೀಮಿತವಾಗಿದ್ದು, ರಾತ್ರಿ ಹೊತ್ತು ನಿಲ್ದಾಣದ ಆಸುಪಾಸಿನ ತರಬೇತಿಯಂಥ ಹಾರಾಟಗಳಿಗಷ್ಟೇ ವಿನಾಯಿತಿ ಸಿಗುತ್ತದೆ. ಕೆನೆಡಿ ಅವರು ಕೈಗೊಂಡಂಥ ಪ್ರಯಾಣಕ್ಕೆ ಈ ನಿಯಮವೇ ಅಡ್ಡಗಟ್ಟುತ್ತದೆ. ಆದ್ದರಿಂದ ಇಲ್ಲಿ ಈ ಪ್ರಶ್ನೆ ಎದ್ದು ಕಾಣುವುದು ಗಣ್ಯರನ್ನು ಹೊತ್ತೊಯ್ಯುವ ಸಣ್ಣ ವಿಮಾನ ಮತ್ತು ಹೆಲಿಕಾಪ್ಟರ್‌ಗಳಲ್ಲಿ. 2001ರ ಸೆಪ್ಟೆಂಬರ್ 30ರಂದು ಉತ್ತರ ಪ್ರದೇಶದ ಮೈನ್‌ಪುರಿ ಬಳಿ ಮಾಧವರಾವ್ ಸಿಂಧಿಯಾ ಸೇರಿದಂತೆ 8 ಮಂದಿ, 2009ರ ಸೆಪ್ಟೆಂಬರ್ 2ರಂದು ನಲ್ಲಮಲ ಕಾಡಿನಲ್ಲಿ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಮತ್ತು ಸಂಗಡಿಗರು ಪ್ರಾಣ ಕಳೆದುಕೊಂಡದ್ದು ಕೆಟ್ಟ ಹವೆಯ ನಡುವೆಯೇ. 2021ರ ಡಿಸೆಂಬರ್ 8ರಂದು ಕೂನೂರು ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಸೇನಾ ಹೆಲಿಕಾಪ್ಟರ್ ಬಿದ್ದ ಪ್ರಕರಣದಲ್ಲಿ, ಕಣಿವೆಯ ಹವೆ ಅನಿರೀಕ್ಷಿತವಾಗಿ ಬದಲಾಗಿ ಮೋಡದೊಳಗೆ ಹೊಕ್ಕದ್ದು ಮತ್ತು ಅದರಿಂದುಂಟಾದ ಪೈಲಟ್‌ನ ದಿಕ್ಕುಭ್ರಮೆಯೇ ಕಾರಣವೆಂದು ವಾಯುಪಡೆಯ ವಿಚಾರಣೆ ತಿಳಿಸಿತು. ಅತ್ಯುತ್ತಮ ತರಬೇತಿ ಪಡೆದವರ ಒಳಗಿವಿಯೂ ಅದೇ ನಿಯಮಕ್ಕೆ ಬದ್ಧ.

ಕರ್ನಾಟಕಕ್ಕೂ ಈ ವಿಷಯ ದೂರದ್ದಲ್ಲ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಬೆಂಗಳೂರಿನ ಜಕ್ಕೂರಿನಲ್ಲಿ. ಪೈಲಟ್‌ಗಳಿಗೆ ದಿಕ್ಕುಭ್ರಮೆಯ ಪರಿಚಯ ಮಾಡಿಕೊಡುವ ಭಾರತೀಯ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆ ಇರುವುದೂ ಇದೇ ನಗರದಲ್ಲಿ. ಮುಂಗಾರಿನ ನಾಲ್ಕು ತಿಂಗಳು ಘಟ್ಟದ ನೆತ್ತಿಗೆ ಅಂಟಿಕೊಂಡಿರುವ ಮೋಡ, ಚಳಿಗಾಲದ ಮುಂಜಾನೆ ದೇವನಹಳ್ಳಿಯ ಬಯಲನ್ನು ಮುಚ್ಚುವ ಮಂಜು ಇಲ್ಲಿನ ಎಳೆಯ ಪೈಲಟ್ ಮೊದಲ ದಿನದಿಂದಲೇ ಅಳೆದು ತೂಗಬೇಕಾದ ವಾಸ್ತವಗಳು.

ನಿರ್ಧಾರದ ಜಾಗ

ಈ ಎಲ್ಲ ಅಧ್ಯಯನಗಳನ್ನು ಒಟ್ಟಾಗಿ ಓದಿದಾಗ ಪೈಲಟ್‌ನ ತಪ್ಪು ಎಂಬ ಮಾತಿನೊಂದಿಗೆ ವಿಚಾರಣೆಯನ್ನು ಮುಗಿಸುವುದು ಎಷ್ಟು ಅಸಮರ್ಪಕವೆಂಬುದು ಮನವರಿಕೆಯಾಗುತ್ತದೆ. ಮೋಡದ ಅಂಚಿನಲ್ಲಿ, ಪ್ರಯಾಣಿಕರು ಗಡಿಯಾರ ನೋಡುತ್ತಿರುವಾಗ, ಗುರಿ ಹತ್ತು ನಿಮಿಷ ದೂರದಲ್ಲಿರುವಾಗ ಮನುಷ್ಯನ ವಿವೇಚನೆ ಅತ್ಯಂತ ದುರ್ಬಲವಾಗಿರುತ್ತದೆ. ಅತ್ಯಂತ ಮಹತ್ವದ ನಿರ್ಧಾರವನ್ನು ಆ ಕ್ಷಣಕ್ಕೆ ಬಿಟ್ಟುಕೊಡುವ ಪದ್ಧತಿಯೇ ದೋಷಪೂರ್ಣವಾದದ್ದು. ಮೋಡದ ತಳ ಎಷ್ಟು ಅಡಿಗೆ ಇಳಿದರೆ, ಗೋಚರತೆ ಎಷ್ಟು ಕಿಲೋಮೀಟರಿಗೆ ಕುಗ್ಗಿದರೆ, ಯಾವ ಊರು ದಾಟುವ ಮೊದಲು ಹಿಂತಿರುಗಬೇಕೆಂಬುದನ್ನು ಕಾನೂನಿನ ಕನಿಷ್ಠ ಮಿತಿಗಿಂತ ಹೆಚ್ಚಿನ ಅಂತರವಿಟ್ಟು ನೆಲದ ಮೇಲೆ, ಬಿಡುವಾದ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಕು. ಇಂದು ತಲುಪದೇ ಇರಬಹುದೆಂಬ ಮಾತನ್ನು ಪ್ರಯಾಣಿಕರಿಗೂ ಕಾಯುತ್ತಿರುವವರಿಗೂ ಹೊರಡುವ ಮೊದಲೇ ಹೇಳಿಬಿಟ್ಟರೆ, ಹಿಂತಿರುಗುವುದು ನಷ್ಟದ ಲೆಕ್ಕದಿಂದ ಹೊರಬಂದು ಯೋಜನೆಯದೇ ಭಾಗವಾಗುತ್ತದೆ.

ಈ ಕೆಲಸ ಪೈಲಟ್ ಒಬ್ಬನದೇ ಅಲ್ಲ. ತರಬೇತಿ ಶಾಲೆಗಳು ಮೋಡ ಕಂಡು ಮರಳಿದ ವಿದ್ಯಾರ್ಥಿಯ ಹಾರಾಟವನ್ನು ಅಪೂರ್ಣವೆಂದು ಎಣಿಸದೆ ಉತ್ತೀರ್ಣವೆಂದು ದಾಖಲಿಸಬೇಕು. ಅರ್ಧ ಸುತ್ತು ತಿರುಗಿ ಹೊರಬರುವ ಅಭ್ಯಾಸವನ್ನು ಪರೀಕ್ಷೆಗಷ್ಟೇ ಕಲಿಸಿ ಕೈಬಿಡದೆ ವರ್ಷ ವರ್ಷವೂ ಮಾಡಿಸಬೇಕು. ಬಾಡಿಗೆ ವಿಮಾನದ ಸಂಸ್ಥೆಗಳು ರದ್ದಾದ ಹಾರಾಟಕ್ಕೆ ಪೈಲಟ್‌ನಿಂದ ಸಮಜಾಯಿಷಿ ಕೇಳುವುದನ್ನು ನಿಲ್ಲಿಸಬೇಕು. ಸಭೆಗೆ ಹೊತ್ತಾಯಿತೆಂದು ಅವಸರಿಸುವ ಗಣ್ಯರಿಗೆ ತಮ್ಮ ಅವಸರವೂ ಕಾಕ್‌ಪಿಟ್‌ನಲ್ಲಿ ಒಂದು ಭಾರವೆಂಬ ಅರಿವಿರಬೇಕು. ಎಪ್ಪತ್ತು ವರ್ಷಗಳ ಹಿಂದೆ ಇಲಿನಾಯ್‌ನಲ್ಲಿ ಪರೀಕ್ಷೆಗೊಳಗಾದ ಪೈಲಟ್‌ಗಳಿಗೆ ಕಲಿಸಲು ಸಾಧ್ಯವಾದದ್ದನ್ನು ಇಂದಿನವರಿಗೆ ಕಲಿಸಲು ಹೊಸ ಶೋಧನೆಯೇನೂ ಬೇಕಿಲ್ಲ. ಹಿಂತಿರುಗಿ ಬಂದವನನ್ನು ಹೇಡಿಯೆಂದು ಕಾಣದೆ ನಿಪುಣನೆಂದು ಗೌರವಿಸುವ ವೃತ್ತಿಸಂಸ್ಕೃತಿಯೊಂದು ಬೆಳೆದರೆ, ಈ ಬಗೆಯ ಸಾವುಗಳಲ್ಲಿ ಬಹುಪಾಲನ್ನು ಖಂಡಿತ ತಪ್ಪಿಸಬಹುದು.